ಡಬ್ಲಿನ್‌ನಿಂದ ಲೋರಿಯಾಂಗೆ: ಕೆಲ್ಟಿಕ್ ಸಂಗೀತದ ಜಾಡು ಹಿಡಿದು

ಐರ್ಲೆಂಡ್, ಸ್ಕಾಟ್ಲೆಂಡ್, ಫ್ರಾನ್ಸಿನ ಬ್ರಿಟ್ಟನಿ ಮೊದಲಾದ ಕಡೆಗಳ ಸಾಂಪ್ರದಾಯಿಕ ಸಂಗೀತವನ್ನು ಒಟ್ಟಾಗಿ ಕೆಲ್ಟಿಕ್ ಎನ್ನುವುದುಂಟು. ಈ ದಾರಿಗೆ ಜುಲೈ ಕೊನೆಯ ವಾರ ಹೊರಡುವುದು ಒಳ್ಳೆಯದು. ಐರ್ಲೆಂಡಿನ ಪಶ್ಚಿಮ ಕರಾವಳಿಯ ಹಳ್ಳಿಗಳಲ್ಲಿ ಬೇಸಿಗೆಯುದ್ದಕ್ಕೂ ರಾತ್ರಿ ವಾದನ ಇರುತ್ತದೆ. ಅಲ್ಲಿಂದ ಹಡಗಿನಲ್ಲಿ ಫ್ರಾನ್ಸಿನ ಬ್ರಿಟ್ಟನಿ ಪ್ರಾಂತ್ಯಕ್ಕೆ ದಾಟುವ ಹೊತ್ತಿಗೆ ಲೋರಿಯಾಂ ಊರಿನ ಅಂತರ್‌ಕೆಲ್ಟಿಕ್ ಉತ್ಸವ ಶುರುವಾಗುತ್ತದೆ. ಸಾಮಾನ್ಯವಾಗಿ ಅದು ಆಗಸ್ಟ್ ಮೊದಲ ವಾರಾಂತ್ಯಕ್ಕೆ; ತಾರೀಖು ವರ್ಷದಿಂದ ವರ್ಷಕ್ಕೆ ಒಂದಿಷ್ಟು ಸರಿಯುವುದರಿಂದ ಮೊದಲು ಅದನ್ನು ನೋಡಿಕೊಂಡು, ಆಮೇಲೆ ಹಡಗಿನ ಟಿಕೆಟ್, ಕೊನೆಗೆ ವಿಮಾನದ ಟಿಕೆಟ್ ತೆಗೆಯಬೇಕು. ತಿರುಗುಮುರುಗು ಮಾಡಿದರೆ ಎಲ್ಲೋ ಒಂದು ಕಡೆ ಮೂರು ದಿನ ಸುಮ್ಮನೆ ಕೂರಬೇಕಾಗುತ್ತದೆ.

ಐರ್ಲೆಂಡ್ ಷೆಂಗೆನ್ ವಲಯದಲ್ಲಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಐರ್ಲೆಂಡ್ ವೀಸಾ ಒಂದು, ಫ್ರಾನ್ಸಿಗೆ ಷೆಂಗೆನ್ ವೀಸಾ ಒಂದು ಮಾಡಿಸಬೇಕು. ವಾಪಸ್ ಬರುವುದು ಪ್ಯಾರಿಸ್‌ನಿಂದ ಎಂದಾದರೆ ಐರ್ಲೆಂಡಿಗೆ ಒಂದು ಸಲದ ಪ್ರವೇಶ ಸಾಕು.

ಮೊದಲ ದಿನ: ಡಬ್ಲಿನ್

ಬೆಂಗಳೂರಿನಿಂದ ಕೊಲ್ಲಿಯಲ್ಲೋ ಯುರೋಪಿನಲ್ಲೋ ಒಂದು ಕಡೆ ವಿಮಾನ ಬದಲಿಸಿ ಇಲ್ಲಿಗೆ ಬರಬೇಕು. ನಿದ್ದೆಗೆಟ್ಟ ದಿನ ಪಬ್ಬಿನ ಗದ್ದಲ ಬೇಡ. ಹಗಲಿನಲ್ಲೇ ನೋಡುವಂಥದ್ದು ಎರಡು ಇವೆ. ಮೆರಿಯನ್ ಸ್ಕ್ವೇರ್‌ನ 73ನೇ ನಂಬರಿನ ಕಟ್ಟಡದಲ್ಲಿ ಐರಿಶ್ ಸಾಂಪ್ರದಾಯಿಕ ಸಂಗೀತದ ಸಂಗ್ರಹಾಲಯವಿದೆ, ಶುರುವಾದದ್ದು 1987ರಲ್ಲಿ. ಹಳೆಯ ಧ್ವನಿಮುದ್ರಣ, ಕೈಬರಹದ ಸ್ವರಪುಸ್ತಕ, ಛಾಯಾಚಿತ್ರ ಎಲ್ಲವೂ ಅಲ್ಲಿವೆ. ಮುಂದೆ ಹಳ್ಳಿಗಳಲ್ಲಿ ಕೇಳಲಿರುವ ನಾಲ್ಕಾರು ಟ್ಯೂನ್‌ಗಳನ್ನು ಇಲ್ಲೇ ಕೇಳಿ ಗುರುತು ಮಾಡಿಕೊಂಡರೆ ಮುಂದಿನ ರಾತ್ರಿಗಳು ಬೇರೆಯೇ ರೀತಿ ತೆರೆದುಕೊಳ್ಳುತ್ತವೆ.

ಎರಡನೆಯದು ಹೆನ್ರಿಯೆಟ್ಟಾ ಬೀದಿಯ 15ನೇ ನಂಬರು. ಐರ್ಲೆಂಡಿನ ಚೀಲವಾದ್ಯ ಇಲ್ಲನ್ ಪೈಪ್ ನುಡಿಸುವವರು 1968ರಲ್ಲಿ ಕಟ್ಟಿಕೊಂಡ ಸಂಘ, ನಾ ಪೀಬರೀ ಇಲ್ಲನ್, ಇಲ್ಲಿದೆ. ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ ನಮ್ಮವರಿಗೆ ಗೊತ್ತು. ಸೈನ್ಯದ ಪರೇಡುಗಳಲ್ಲಿ, ಜನವರಿ 29ರ ಬೀಟಿಂಗ್ ರಿಟ್ರೀಟ್‌ನಲ್ಲಿ ನಮ್ಮ ರೆಜಿಮೆಂಟ್‌ಗಳು ನುಡಿಸುವುದು ಅದನ್ನೇ. ಇಲ್ಲನ್ ಪೈಪ್ ಬೇರೆ. ಇದನ್ನು ಬಾಯಿಂದ ಊದುವುದಿಲ್ಲ, ನಿಂತು ನುಡಿಸುವುದೂ ಇಲ್ಲ. ಕುಳಿತು, ಬಲಗೈ ಕೆಳಗೆ ತಿದಿಯನ್ನು ಸೊಂಟಕ್ಕೆ ಕಟ್ಟಿ, ಮೊಣಕೈಯಿಂದ ಅದನ್ನು ಒತ್ತಿ, ಎಡಗೈ ಕೆಳಗಿನ ಚೀಲಕ್ಕೆ ಗಾಳಿ ತುಂಬುತ್ತಾರೆ. ಬೆರಳಾಡುವ ಕೊಳವೆ ಚಾಂಟರ್. ಪಾಶ್ಚಾತ್ಯ ಸ್ವರನಾಮದ ಡಿ ಶ್ರುತಿಯದಾದರೆ ಅದರ ಉದ್ದ ಸುಮಾರು 36 ಸೆಂಟಿಮೀಟರ್. ತೊಡೆಯ ಮೇಲೆ ಅಡ್ಡ ಮಲಗಿರುವ, ಶ್ರುತಿ ಹಿಡಿಯುವ ಕೊಳವೆಗಳಾದ ಮೂರು ಡ್ರೋನ್‌ಗಳು ಒಂದೇ ಸ್ವರವನ್ನು ಮೂರು ಸ್ಥಾಯಿಯಲ್ಲಿ ಹಿಡಿದಿರುತ್ತವೆ. ಅವುಗಳ ಜೊತೆಗೇ ರೆಗ್ಯುಲೇಟರ್ ಎಂಬ, ಕೀಲಿಗಳಿರುವ ಮೂರು ಕೊಳವೆ. 5, 4, 4 ಹೀಗೆ ಒಟ್ಟು 13 ಕೀಲಿಗಳು. ಚಾಂಟರ್ ಮೇಲೆ ಬೆರಳು ಓಡುತ್ತಿರುವಾಗಲೇ ಬಲ ಮಣಿಕಟ್ಟಿನ ಅಂಚಿನಿಂದ ಈ ಕೀಲಿ ಒತ್ತಿ ಸ್ವರಮೇಳ ಕೊಡಬೇಕು.

ಸ್ಕಾಟಿಷ್ ಪೈಪಿನಲ್ಲಿ ಒಂಬತ್ತೇ ಸ್ವರ, ಧ್ವನಿ ನಿಲ್ಲಿಸಲು ಬರುವುದಿಲ್ಲ. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ನಡುವೆ ಮಿಂಚಿನಂತೆ ಇನ್ನೊಂದು ಸ್ವರ ತಾಕಿಸಬೇಕು. ಇಲ್ಲನ್ ಪೈಪಿನಲ್ಲಿ ಎರಡು ಪೂರ್ಣ ಸ್ಥಾಯಿಗಳಿವೆ. ಚಾಂಟರಿನ ತುದಿಯನ್ನು ತೊಡೆಯ ಮೇಲಿನ ಚರ್ಮದ ತುಂಡಿಗೆ ಒತ್ತಿ ಎಲ್ಲ ರಂಧ್ರ ಮುಚ್ಚಿದರೆ ಮೌನ. ಹೀಗಾಗಿ ಬಿಡಿಬಿಡಿ ಸ್ವರ ಸಾಧ್ಯ, ಒತ್ತಡ ಹೆಚ್ಚಿಸಿ ಮೇಲಿನ ಸ್ಥಾಯಿಗೆ ಜಿಗಿಯುವುದೂ ಸಾಧ್ಯ.

ಇದರ ಸುಖ, ಸಂಕಟ ಎರಡೂ ಗಾಳಿಗೆ ಕಂಪಿಸಿ ಸ್ವರ ಹುಟ್ಟಿಸುವ ರೀಡಿನಲ್ಲಿವೆ. ಅರುಂಡೋ ಡೋನಾಕ್ಸ್ ಎಂಬ ಜೊಂಡಿನ ಎರಡು ತೆಳು ಪಟ್ಟಿಗಳನ್ನು ಲೋಹದ ಸಣ್ಣ ನಳಿಗೆಗೆ ದಾರದಿಂದ ಬಿಗಿದು, ಜೇನುಮೇಣದಿಂದ ಗಾಳಿ ಸೋರದಂತೆ ಮಾಡಿ, ನಡುವೆ ತಾಮ್ರದ ತೆಳ್ಳನೆಯ ಪಟ್ಟಿ ಸುತ್ತಿರುತ್ತಾರೆ. ಆ ಪಟ್ಟಿಗೆ ಬ್ರೈಡಲ್ ಎನ್ನುತ್ತಾರೆ. ರೀಡಿನ ತುಟಿ ಹೆಚ್ಚು ತೆರೆದುಕೊಂಡರೆ ಮೊಣಕೈ ಸೋಲುವಷ್ಟು ಒತ್ತಡ ಬೇಕಾಗುತ್ತದೆ. ಹೆಚ್ಚು ಮುಚ್ಚಿಕೊಂಡರೆ ಕೆಳಗಿನ ಡಿ ನಿಲ್ಲದೆ ಮೇಲಿನ ಸ್ಥಾಯಿಗೆ ಹಾರುತ್ತದೆ. ಬ್ರೈಡಲನ್ನು ಕೂದಲೆಳೆಯಷ್ಟು ಸರಿಸಿ ನೋಡಬೇಕು, ಅದಕ್ಕಿಂತ ಹೆಚ್ಚಲ್ಲ. ತಿದಿಯ ಗಾಳಿ ಒಣಗಾಳಿಯಾದ್ದರಿಂದ ಉಗುಳಿನ ತೇವ ರೀಡಿಗೆ ತಗಲುವುದಿಲ್ಲ. ಅದಕ್ಕೇ ಒಳ್ಳೆಯ ರೀಡು ವರ್ಷಗಟ್ಟಲೆ ಬಾಳುತ್ತದೆ. ಆದರೆ ಹವೆಯ ತೇವಾಂಶ ಬದಲಾದ ಕೂಡಲೇ ಅದರ ಸ್ವಭಾವವೂ ಬದಲಾಗುತ್ತದೆ. ಐರ್ಲೆಂಡಿನಲ್ಲಿ ಸರಿಯಾಗಿದ್ದ ಪೈಪು ಒಣಹವೆಯ ಊರಿಗೆ ಹೋದರೆ ಹಠ ಹಿಡಿಯುವುದು ಇದೇ ಕಾರಣಕ್ಕೆ.

ಕಲಿಯುವವರು ಚೀಲ, ತಿದಿ, ಚಾಂಟರ್ ಮಾತ್ರ ಇರುವ ಅಭ್ಯಾಸದ ಸೆಟ್‌ನಿಂದ ಶುರುಮಾಡುತ್ತಾರೆ. ಡ್ರೋನ್ ಸೇರಿದರೆ ಅರ್ಧ ಸೆಟ್, ರೆಗ್ಯುಲೇಟರೂ ಸೇರಿದರೆ ಪೂರ್ಣ ಸೆಟ್. ಏಳು ವರ್ಷ ಕಲಿಕೆ, ಏಳು ವರ್ಷ ಸಾಧನೆ, ಏಳು ವರ್ಷ ವಾದನ ಆದಮೇಲೆ ಪೈಪರ್ ಆಗುತ್ತಾನೆ ಎಂಬುದು ಅಲ್ಲಿನ ಹಳೆಯ ಮಾತು. ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವ, ಬೀಟೆ ಮರದ ಅಲಂಕಾರದ ಸೆಟ್‌ಗಳನ್ನು ಕೊಳ್ಳಬೇಡಿ. ಒಳಗಿನ ಕೊರೆತ ಕರಾರುವಾಕ್ಕಾಗಿಲ್ಲದಿದ್ದರೆ ಯಾವ ರೀಡು ಹಾಕಿದರೂ ಶ್ರುತಿಗೆ ಬರುವುದಿಲ್ಲ. ಒಳ್ಳೆಯ ಕುಶಲಕರ್ಮಿಯ ಬಳಿ ವರ್ಷಗಟ್ಟಲೆ ಕಾಯುವ ಪಟ್ಟಿ ಇರುತ್ತದೆ, ಕಾಯುವುದೇ ಸರಿ. ಇಲ್ಲನ್ ಪೈಪ್ ವಾದನ 2017ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಎರಡನೆಯ ದಿನ: ಎನಿಸ್

ಹ್ಯೂಸ್ಟನ್ ನಿಲ್ದಾಣದಿಂದ ಲಿಮರಿಕ್ ಮಾರ್ಗವಾಗಿ ಎನಿಸ್‌ಗೆ ರೈಲಿನಲ್ಲಿ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು. ಇದು ಕ್ಲೇರ್ ಜಿಲ್ಲೆಯ ಮುಖ್ಯ ಪಟ್ಟಣ. ಇಲ್ಲಿ ಯಾರೂ ಕೆಲ್ಟಿಕ್ ಸಂಗೀತ ಎಂದು ಹೇಳುವುದಿಲ್ಲ, ಸಾಂಪ್ರದಾಯಿಕ ಎಂಬರ್ಥದಲ್ಲಿ ಚುಟುಕಾಗಿ ಟ್ರ್ಯಾಡ್ ಎನ್ನುತ್ತಾರೆ. ವಾದ್ಯದಂಗಡಿಗೆ ಹೋಗಿ ಒಂದು ಡಿ ಶ್ರುತಿಯ ಟಿನ್ ವಿಸಿಲ್, ಎಂದರೆ ತಗಡಿನ ಪುಟ್ಟ ಕೊಳಲು, ಕೊಂಡುಕೊಳ್ಳಿ. ಹತ್ತು ಹದಿನೈದು ಯೂರೋಗೆ ಕೆಲಸಕ್ಕೆ ಬರುವಂಥದ್ದು ಸಿಗುತ್ತದೆ. ಆರು ರಂಧ್ರ, ಎರಡು ಸ್ಥಾಯಿ. ನಮ್ಮ ಕೊಳಲು ಊದುವವರಿಗೆ ಬೆರಳು ಬೇಗ ಕೂರುತ್ತದೆ, ಆದರೆ ಗಾಳಿ ಹೆಚ್ಚಾಗಿ ಬಿಟ್ಟು ಸ್ವರ ಮೇಲಕ್ಕೆ ಹಾರುವುದು ಎಲ್ಲರಿಗೂ ಮೊದಲ ವಾರದ ಕಾಟ.

ಅಂಗಡಿಯ ಗೋಡೆಯನ್ನೇ ಒಮ್ಮೆ ನೋಡಿದರೆ ಈ ಸಂಗೀತದ ಕಥೆ ಗೊತ್ತಾಗುತ್ತದೆ. ಕಾರ್ಖಾನೆಯ ಟಿನ್ ವಿಸಿಲ್ ಬಂದದ್ದು 1843ರ ಹೊತ್ತಿಗೆ, ಇಂಗ್ಲೆಂಡಿನ ರಾಬರ್ಟ್ ಕ್ಲಾರ್ಕ್ ಎಂಬಾತನಿಂದ. ಕ್ಲೇರ್‌ನ ಹೆಮ್ಮೆಯ ಕನ್ಸರ್ಟೀನಾ ಎಂಬ ಕೈತಿದಿಯ ಪುಟ್ಟ ವಾದ್ಯ ಇಂಗ್ಲೆಂಡ್, ಜರ್ಮನಿಗಳ ಹತ್ತೊಂಬತ್ತನೆಯ ಶತಮಾನದ ತಯಾರಿಕೆ. ಜರ್ಮನಿಯ ಬ್ಯೋಮ್ ಕೊಳಲಿನ ಯಾಂತ್ರಿಕ ರಚನೆಯನ್ನು ಬದಲಿಸಿದಾಗ ಆರ್ಕೆಸ್ಟ್ರಾಗಳು ಹಳೆಯ ಮರದ ಕೊಳಲುಗಳನ್ನು ಕೈಬಿಟ್ಟವು. ಅವು ಅಗ್ಗಕ್ಕೆ ಹಳ್ಳಿಗರ ಕೈಸೇರಿದವು. ಬೂಜೂಕಿ ಎಂಬ ಉದ್ದ ಕತ್ತಿನ ತಂತಿವಾದ್ಯ ಗ್ರೀಸ್‌ನದು. ಐರಿಶ್ ವಾದಕ ಜಾನಿ ಮೊಯ್ನಿಹನ್ ಅದನ್ನು 1960ರ ದಶಕದ ಮಧ್ಯದಲ್ಲಿ ತಂದು ಜಿ-ಡಿ-ಎ-ಡಿ ಶ್ರುತಿಗೆ ಇಳಿಸಿದರು. ಆಮೇಲೆ ಇನ್ನೊಬ್ಬ ವಾದಕ ಡೋನಲ್ ಲನ್ನಿ ಬೆನ್ನು ಚಪ್ಪಟೆಯಾಗಿರುವಂಥದ್ದನ್ನು ಮಾಡಿಸಿಕೊಂಡರು. ಬ್ಯಾಂಜೋ ಆಫ್ರಿಕಾದ ಗುಲಾಮರು ಅಮೆರಿಕಕ್ಕೆ ಒಯ್ದ ಸೋರೆಬುರುಡೆ ವಾದ್ಯದಿಂದ ಹುಟ್ಟಿದ್ದು. ಅದರ ನಾಲ್ಕು ತಂತಿಯ ರೂಪ ಐರ್ಲೆಂಡಿಗೆ ಬಂದು, ಪಿಟೀಲಿಗಿಂತ ಒಂದು ಸ್ಥಾಯಿ ಕೆಳಗೆ ಜಿ-ಡಿ-ಎ-ಇ ಶ್ರುತಿಯಲ್ಲಿ, ಬಾರ್ನಿ ಮೆಕೆನ್ನಾ ಅವರ ಕೈಯಲ್ಲಿ ಐರಿಶ್ ವಾದ್ಯವಾಯಿತು. ಇಷ್ಟೊಂದು ಪರದೇಶದ ಸಾಮಗ್ರಿ ಒಳಗೆ ಬಂದರೂ ಕುಣಿತದ ನಡೆ ಮಾತ್ರ ಅಲುಗಲಿಲ್ಲ. ಬಂದ ವಾದ್ಯವೇ ಆ ನಡೆಗೆ ಬಗ್ಗಬೇಕಾಯಿತು. ಈ ದಾರಿಯುದ್ದಕ್ಕೂ ಕಾಣುವುದು ಇದೇ.

ಕರ್ನಾಟಕ ಸಂಗೀತ ಬಲ್ಲವರಿಗೆ ಒಂದು ಅನುಕೂಲವಿದೆ. ಇಲ್ಲಿನ ಟ್ಯೂನ್‌ಗಳು ಬಹುಪಾಲು ನಾಲ್ಕು ಸ್ವರಶ್ರೇಣಿಗಳಲ್ಲಿವೆ. ಐಯೋನಿಯನ್ ಎಂದರೆ ಶಂಕರಾಭರಣದ ಸ್ವರಗಳು, ಡೋರಿಯನ್ ಎಂದರೆ ಖರಹರಪ್ರಿಯ, ಮಿಕ್ಸೋಲಿಡಿಯನ್ ಹರಿಕಾಂಬೋಧಿ, ಏಯೋಲಿಯನ್ ನಟಭೈರವಿ. ಸ್ವರಸ್ಥಾನ ಅವೇ, ಗಮಕ ಮಾತ್ರ ಬೇರೆ. ಇಲ್ಲಿ ಸ್ವರವನ್ನು ತೂಗುವುದಿಲ್ಲ, ಕತ್ತರಿಸುತ್ತಾರೆ. ರೋಲ್ ಎಂಬ ಅಲಂಕಾರ ನೋಡಿ: ಜಿ ಹಿಡಿದು, ಮೇಲಿನ ಬೆರಳು ಕ್ಷಣ ಎತ್ತಿ, ಮತ್ತೆ ಜಿ, ಕೆಳಗಿನ ಬೆರಳು ತಟ್ಟಿ, ಮತ್ತೆ ಜಿ. ಎತ್ತಿದ್ದೂ ತಟ್ಟಿದ್ದೂ ಸ್ವರವಾಗಿ ಕೇಳಿಸಬಾರದು, ತಾಳದ ಪೆಟ್ಟಾಗಿ ಕೇಳಿಸಬೇಕು. ಅವನ್ನು ನಿಧಾನವಾಗಿ, ಸ್ಪಷ್ಟ ಸ್ವರವಾಗಿ ನುಡಿಸುವುದೇ ಹೊಸಬರ ಸಾಮಾನ್ಯ ತಪ್ಪು.

ಪಿಟೀಲು ತಂದವರು ಸ-ಪ-ಸ-ಪ ಶ್ರುತಿ ಬಿಟ್ಟು ಜಿ-ಡಿ-ಎ-ಇಗೆ, ಎ ಸ್ವರ 440 ಹರ್ಟ್ಸ್‌ಗೆ ಏರಿಸಿಕೊಳ್ಳಬೇಕು. ದಪ್ಪ ಕರ್ನಾಟಕ ತಂತಿಗಳನ್ನು ಹಾಗೇ ಏರಿಸಿದರೆ ಹರಿಯುವ ಸಂಭವ ಹೆಚ್ಚು, ಬೇರೆ ಸೆಟ್ ಇರಲಿ.

ಮೂರನೆಯ ದಿನ: ಮಿಲ್‌ಟೌನ್ ಮಾಲ್ಬೆ

ಎನಿಸ್‌ನಿಂದ ಪಶ್ಚಿಮಕ್ಕೆ ಮೂವತ್ತು ಕಿಲೋಮೀಟರ್ ಚಿಲ್ಲರೆ. ಬಸ್ಸು ದಿನಕ್ಕೆ ಕೆಲವೇ ಇವೆ, ಭಾನುವಾರ ಇನ್ನೂ ಕಡಿಮೆ. ಒಂದೇ ಮುಖ್ಯ ಬೀದಿಯ ಈ ಊರು ಪೈಪರ್ ವಿಲಿ ಕ್ಲಾನ್ಸಿ (1918–1973) ಅವರದು. ಅಲೆಮಾರಿ ಸಮುದಾಯದ ಪೈಪರ್ ಜಾನಿ ಡೋರನ್ ಇಲ್ಲಿನ ಕುದುರೆ ರೇಸಿಗೆ ಬಂದು ನುಡಿಸಿದ್ದನ್ನು 1936ರಲ್ಲಿ ಕೇಳಿ ಕ್ಲಾನ್ಸಿ ಪೈಪ್ ಹಿಡಿದರು. ಅವರು ತೀರಿಕೊಂಡ 1973ರಲ್ಲೇ ಅವರ ಹೆಸರಿನ ಬೇಸಿಗೆ ಶಾಲೆ ಶುರುವಾಯಿತು. ಜುಲೈ ಮೊದಲ ಶನಿವಾರದಿಂದ ಒಂದು ವಾರಕ್ಕೂ ಹೆಚ್ಚು ನಡೆಯುತ್ತದೆ. ಬೆಳಿಗ್ಗೆ ತರಗತಿ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಬೀದಿಯುದ್ದಕ್ಕೂ ವಾದನ. ಕಲಿಯಲೆಂದೇ ಹೋಗುವವರು ಲೋರಿಯಾಂ ಬಿಟ್ಟು ಈ ವಾರವನ್ನು ಆರಿಸಿಕೊಳ್ಳಲಿ. ಆದರೆ ವಸತಿ ತಿಂಗಳುಗಳ ಮೊದಲೇ ತುಂಬಿರುತ್ತದೆ. ಜುಲೈ ಕೊನೆಯಲ್ಲಿ ಊರು ಶಾಂತವಾಗಿರುತ್ತದೆ, ಸೆಷನ್, ಎಂದರೆ ಪಬ್ಬಿನಲ್ಲಿ ವಾದಕರು ಕೂಡಿ ನುಡಿಸುವುದು, ಕೇಳಲು ಅದೇ ಒಳ್ಳೆಯದು.

ರಾತ್ರಿ ಒಂಬತ್ತೂವರೆಗೆ ಶುರು. ಜುಲೈನಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ಹತ್ತರ ಸುಮಾರಿಗೆ. ಪಬ್ಬಿನ ಮೂಲೆಯ ಮೇಜಿನ ಸುತ್ತ ನಾಲ್ಕಾರು ಮಂದಿ, ಮೈಕ್ ಇಲ್ಲ, ವೇದಿಕೆ ಇಲ್ಲ. ಗೋಡೆಯ ಕಡೆಯ ಆಸನಗಳು ವಾದಕರಿಗೆ ಮೀಸಲು, ಬರೆದು ಅಂಟಿಸಿರದಿದ್ದರೂ ಮೀಸಲು. ಒಬ್ಬರು ಹೇಳದೆ ಕೇಳದೆ ಒಂದು ಟ್ಯೂನ್ ಎತ್ತಿಕೊಳ್ಳುತ್ತಾರೆ, ಗೊತ್ತಿರುವವರು ಎರಡನೆಯ ಬಾರ್‌ನಲ್ಲಿ (ತಾಳದ ಆವರ್ತದಲ್ಲಿ) ಸೇರುತ್ತಾರೆ.

ಟ್ಯೂನ್‌ನ ಮೈಕಟ್ಟು ಹೀಗೆ. ಮೊದಲ ಭಾಗ 8 ಬಾರ್, ಅದನ್ನು ಎರಡು ಸಲ. ಎರಡನೆಯ ಭಾಗ 8 ಬಾರ್, ಅದನ್ನೂ ಎರಡು ಸಲ. ಒಟ್ಟು 32 ಬಾರ್. ರೀಲ್ ಎಂಬ ಕುಣಿತದ ಮಟ್ಟಾದರೆ ನಾಲ್ಕರ ನಡೆ, ಕುಣಿತದ ವೇಗದಲ್ಲಿ ಈ 32 ಬಾರ್‌ಗೆ ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಮೂರು ಸಲ ಸುತ್ತಿ, ನಿಲ್ಲಿಸದೆ ಎರಡನೆಯ ಟ್ಯೂನ್‌ಗೆ, ಅಲ್ಲಿಂದ ಮೂರನೆಯದಕ್ಕೆ. ಈ ಮೂರು ಸೇರಿದ್ದು ಒಂದು ಸೆಟ್, ಅದು ಮುಗಿಯಲು ಐದು ನಿಮಿಷದ ಸುಮಾರು. ಬದಲಾಯಿಸುವ ಸೂಚನೆ ಹುಬ್ಬೆತ್ತುವುದೋ, 'ಹಪ್' ಎನ್ನುವುದೋ ಅಷ್ಟೇ. ಜಿಗ್ 6/8, ಎಂದರೆ ತಿಸ್ರ ನಡೆಯ ಎರಡು ಪೆಟ್ಟು. ಸ್ಲಿಪ್ ಜಿಗ್ 9/8, ಮೂರು ಪೆಟ್ಟು. ಹಾರ್ನ್‌ಪೈಪ್ ರೀಲಿನಂತೆಯೇ ನಾಲ್ಕರದು, ನಿಧಾನ, ಸ್ವರಗಳು ಜೋಡಿಜೋಡಿಯಾಗಿ ಉದ್ದ-ಗಿಡ್ಡವಾಗಿ ಕುಂಟುತ್ತವೆ. ದಕ್ಷಿಣಕ್ಕೆ ಕಾರ್ಕ್, ಕೆರ್ರಿ ಗಡಿಯ ಸ್ಲೀವ್ ಲೂಕ್ರ ಸೀಮೆಯಲ್ಲಿ ಪೋಲ್ಕಾದ ದರ್ಬಾರು. ಪೋಲ್ಕಾ ಕುಣಿತ ಹುಟ್ಟಿದ್ದು ಇಂದಿನ ಚೆಕ್ ದೇಶದ ಬೊಹೀಮಿಯಾದಲ್ಲಿ.

ಬೋರಾನ್ ಬಗ್ಗೆ ಎಚ್ಚರಿಕೆ ಬೇಕು. 35ರಿಂದ 45 ಸೆಂಟಿಮೀಟರ್ ಅಗಲದ, ಆಡಿನ ಚರ್ಮದ ಈ ಒಂದು ಮುಖದ ವಾದ್ಯ ಸುಲಭವಾಗಿ ಕಾಣುತ್ತದೆ, ಅದಕ್ಕೇ ಹೊಸಬರು ಇದನ್ನೇ ಹಿಡಿದು ಬರುತ್ತಾರೆ. ಮೊದಲು ಇದು ಡಿಸೆಂಬರ್ 26ರ ರೆನ್ ಹಬ್ಬದ ಮೆರವಣಿಗೆಯ ವಾದ್ಯ. 1960ರ ದಶಕದ ಆರಂಭದಲ್ಲಿ ಸಂಗೀತ ಸಂಯೋಜಕ ಶಾನ್ ಓ ರೀಡಾ ತಮ್ಮ ವೃಂದದಲ್ಲಿ ಕೂರಿಸಿಕೊಂಡ ಮೇಲೆ ವೇದಿಕೆ ಹತ್ತಿತು. ಒಂದು ಸೆಷನ್‌ಗೆ ಒಂದೇ ಬೋರಾನ್, ಒಂದೇ ಗಿಟಾರ್ ಅಥವಾ ಬೂಜೂಕಿ. ಎರಡು ಬೋರಾನ್ ಸೇರಿದರೆ ಸಣ್ಣಸಣ್ಣ ಪೆಟ್ಟುಗಳು ಡಿಕ್ಕಿ ಹೊಡೆದು ಟ್ಯೂನ್ ಮಣ್ಣಾಗುತ್ತದೆ. ಎರಡು ಗಿಟಾರ್ ಬೇರೆಬೇರೆ ಸ್ವರಮೇಳ ಹಿಡಿದರೆ ಇನ್ನೂ ಕಷ್ಟ. ಮಳೆಗಾಲದ ತೇವದಲ್ಲಿ ಚರ್ಮ ಸಡಿಲಾಗುತ್ತದೆ, ಬಿಸಿ ಕೋಣೆಯಲ್ಲಿ ಬಿಗಿಯುತ್ತದೆ. ಬಿಗಿದಾಗ ಒಳಮೈಗೆ ಬೆರಳಿನಿಂದ ಚೂರು ನೀರು ಸವರುತ್ತಾರೆ. ಹೊಸ ವಾದ್ಯಗಳಲ್ಲಿ ಒಳಗಡೆ ತಿರುಪುಗಳಿರುತ್ತವೆ.

ಸೇರಿಕೊಳ್ಳಬೇಕೆನಿಸಿದರೆ ಮೊದಲು ಎರಡು ಸೆಟ್ ಸುಮ್ಮನೆ ಕೇಳಿ, ಆಮೇಲೆ ಕೂರಬಹುದೇ ಎಂದು ಕೇಳಿ. ಗೊತ್ತಿಲ್ಲದ ಟ್ಯೂನ್‌ನಲ್ಲಿ ಸ್ವರ ಹುಡುಕುತ್ತಾ ನುಡಿಸಬೇಡಿ. ಫೋನಿನಲ್ಲಿ ರೆಕಾರ್ಡ್ ಮಾಡುವ ಮುನ್ನ ಅನುಮತಿ ಕೇಳಿ, ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ. ಯಾರಾದರೂ ಹಾಡು ಎತ್ತಿದರೆ ಇಡೀ ಕೋಣೆ ಮಾತು ನಿಲ್ಲಿಸಬೇಕು, ಗ್ಲಾಸಿನ ಸದ್ದೂ ಬೇಡ. ಮಕ್ಕಳನ್ನು ಕರೆದುಕೊಂಡು ಹೋಗುವವರು ಗಮನಿಸಿ: ಮೇನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ 10ರ ನಂತರ, ಉಳಿದ ತಿಂಗಳು 9ರ ನಂತರ ಅವರು ಪಬ್ಬಿನಲ್ಲಿ ಇರುವಂತಿಲ್ಲ. ಅಡುಗೆಮನೆ ಒಂಬತ್ತಕ್ಕೆ ಮುಚ್ಚುತ್ತದೆ. ಸಸ್ಯಾಹಾರಿಗಳು ತರಕಾರಿ ಸೂಪು ಕೇಳುವಾಗ ಅದರ ರಸ ಕೋಳಿಯದೋ ಎಂದು ವಿಚಾರಿಸಬೇಕು.

ನಾಲ್ಕನೆಯ ದಿನ: ಕಿಲ್ಫೆನೋರಾ, ಡೂಲಿನ್

ಡೂಲಿನ್ ಎಲ್ಲರಿಗೂ ಗೊತ್ತಿರುವ ಊರು. ಟಿನ್ ವಿಸಿಲ್ ವಾದಕ ಮೀಹೋ ರಸೆಲ್ (1915–1994) ಇಲ್ಲಿಯವರು. ಒಂದೇ ಸ್ವರವನ್ನು ಬೇಕಾದಲ್ಲಿ ಬಿಟ್ಟು ಬೇಕಾದಲ್ಲಿ ಹಿಡಿಯುವ ಅವರ ಸರಳ ನುಡಿಸುವಿಕೆ ಇಂದಿಗೂ ಪಾಠ. ಈಗ ಬೇಸಿಗೆಯಲ್ಲಿ ಮೋಹರ್ ಬಂಡೆಗಳನ್ನು ನೋಡಲು ಬಂದ ಬಸ್ಸುಗಳ ಜನವೇ ಪಬ್ಬು ತುಂಬಿರುತ್ತದೆ, ಮೈಕ್ ಬಂದಿದೆ. ಒಂದು ರಾತ್ರಿ ಸಾಕು.

ಕಿಲ್ಫೆನೋರಾ ಮಾತ್ರ ತಪ್ಪಿಸಬೇಡಿ. 1909ರಿಂದ ಬಂದ ಕೇಲೀ ಬ್ಯಾಂಡಿನ ಊರು. ಕೇಲೀ ಬ್ಯಾಂಡ್ ಎಂದರೆ ಪಿಟೀಲು, ಕೊಳಲು, ಅಕಾರ್ಡಿಯನ್‌ಗಳಿಗೆ ಪಿಯಾನೋ, ಡ್ರಮ್ ಸೇರಿದ ಕುಣಿತದ ವಾದ್ಯಮೇಳ. 1935ರ ಡ್ಯಾನ್ಸ್ ಹಾಲ್ ಕಾಯಿದೆ ಲೈಸೆನ್ಸ್ ಇಲ್ಲದ ಕುಣಿತವನ್ನು ನಿಷೇಧಿಸಿದಾಗ ಅಡುಗೆಮನೆಗಳಲ್ಲಿ ನಡೆಯುತ್ತಿದ್ದ ಮನೆಕುಣಿತ ಸೊರಗಿ, ಚರ್ಚಿನ ಸಭಾಂಗಣಕ್ಕೆ ಹೋಯಿತು. ದೊಡ್ಡ ಹಾಲಿಗೆ ಒಂದು ಪಿಟೀಲು ಸಾಲದು, ಬ್ಯಾಂಡು ಬೆಳೆಯಿತು. ಕುಣಿಯುವ ಸೆಟ್ ನಾಲ್ಕು ಜೋಡಿಗಳದ್ದು, ಪ್ಯಾರಿಸಿನ ಕ್ವಾಡ್ರಿಲ್ ನೃತ್ಯದಿಂದ ಬಂದದ್ದು. ಅದರ ಮೇಲೆ ಕ್ಲೇರ್ ಜನ ಹೂಡಿದ್ದು ನೆಲ ಬಡಿಯುವ ತಮ್ಮ ಹೆಜ್ಜೆ.

ಐದನೆಯ ದಿನ: ಕೋವ್, ರಾತ್ರಿ ಹಡಗು

ಡೂಲಿನ್‌ನಿಂದ ಕಾರ್ಕ್‌ಗೆ ಬಸ್ಸಿನಲ್ಲಿ ಅರ್ಧ ದಿನ ಹೋಗುತ್ತದೆ, ಬೆಳಿಗ್ಗೆ ಬೇಗ ಹೊರಡಬೇಕು. ಕಾರ್ಕ್‌ನ ಕೆಂಟ್ ನಿಲ್ದಾಣದಿಂದ ಲೋಕಲ್ ರೈಲು ಹಿಡಿದರೆ ಅರ್ಧ ಗಂಟೆಯೊಳಗೆ ಕೋವ್ ಬಂದರು. 1848ರಿಂದ 1950ರವರೆಗೆ ಐರ್ಲೆಂಡ್ ಬಿಟ್ಟ ಸುಮಾರು 60 ಲಕ್ಷ ಜನರಲ್ಲಿ 25 ಲಕ್ಷ ಮಂದಿ ಹಡಗು ಹತ್ತಿದ್ದು ಇಲ್ಲಿಂದ. ಸಂಗೀತ ಹರಡಿದ್ದನ್ನು ಅರ್ಥಮಾಡಿಕೊಳ್ಳಲು ಈ ಕಟ್ಟೆಯ ಮೇಲೆ ನಿಲ್ಲಬೇಕು.

ಕಾರ್ಕ್‌ನ ಹಳ್ಳಿಯಿಂದ ಹೊರಟ ಫ್ರಾನ್ಸಿಸ್ ಓ'ನೀಲ್ ಷಿಕಾಗೋದ ಪೊಲೀಸ್ ಮುಖ್ಯಸ್ಥರಾದರು. ಅಲ್ಲಿದ್ದ ವಲಸಿಗರ ಬಾಯಿಂದ, ಕೈಯಿಂದ ಟ್ಯೂನ್ ಸಂಗ್ರಹಿಸಿ 1903ರಲ್ಲಿ 1,850 ರಚನೆಗಳನ್ನು ಅಚ್ಚು ಹಾಕಿಸಿದರು. ಊರಲ್ಲೇ ಇದ್ದಿದ್ದರೆ ಒಂದು ಜಿಲ್ಲೆಯದ್ದಷ್ಟೇ ಸಿಗುತ್ತಿತ್ತು. ಷಿಕಾಗೋದಲ್ಲಿ ಎಲ್ಲ ಜಿಲ್ಲೆಯವರೂ ಒಂದೇ ಊರಿನಲ್ಲಿದ್ದರು. ಸ್ಲೈಗೋದ ಮೈಕೆಲ್ ಕೋಲ್‌ಮನ್ ನ್ಯೂಯಾರ್ಕಿನಲ್ಲಿ 1921ರಿಂದ ನಿಮಿಷಕ್ಕೆ 78 ಸುತ್ತಿನ ಗ್ರಾಮಫೋನ್ ತಟ್ಟೆಗಳಲ್ಲಿ ಪಿಟೀಲು ನುಡಿಸಿದರು. ಆ ತಟ್ಟೆಗಳು ಅಂಚೆಯಲ್ಲಿ ತವರಿಗೆ ಬಂದವು, ಊರೂರಿನ ಪಿಟೀಲುಗಾರರು ಅವರ ಸ್ಲೈಗೋ ಶೈಲಿಯನ್ನೇ ಅನುಕರಿಸತೊಡಗಿದರು. ಇದರಲ್ಲಿ ಲಾಭದಷ್ಟೇ ನಷ್ಟವೂ ಇದೆ. ಹಲವು ಸೀಮೆಗಳ ನಿಧಾನದ ಬಾಣಿಗಳು ಆ ಕಾಲದಲ್ಲೇ ಮರೆಗೆ ಸರಿದವು.

ಸ್ಕಾಟ್ಲೆಂಡಿನ ಎತ್ತರದ ಸೀಮೆಯಿಂದ ಒಕ್ಕಲೆಬ್ಬಿಸಲ್ಪಟ್ಟವರು ಕೆನಡಾದ ಕೇಪ್ ಬ್ರೆಟನ್ ದ್ವೀಪಕ್ಕೆ ಒಯ್ದ ಪಿಟೀಲು ಇನ್ನೊಂದು ಬಗೆ. ಹೆಜ್ಜೆಕುಣಿತಕ್ಕೆ ಅಂಟಿಕೊಂಡ ಬಿಲ್ಲಿನ ಪೆಟ್ಟು, ಜೊತೆಗೆ ಪಿಯಾನೋ. ಅಮೆರಿಕದ ಅಪಲಾಚಿಯಾ ಬೆಟ್ಟಗಳಿಗೆ ಹೋದ, ಐರ್ಲೆಂಡಿನ ಉತ್ತರಭಾಗದ ಅಲ್ಸ್ಟರ್‌ನವರ ಪಿಟೀಲು ಆಫ್ರಿಕನ್ನರ ಬ್ಯಾಂಜೋ ಜೊತೆ ಕೂಡಿ ಬೇರೆಯದೇ ಸಂಗೀತವಾಯಿತು.

ನಮ್ಮ ಕಡೆಗೆ ಬಂದದ್ದು ಕಂಪನಿಯ ಬ್ಯಾಂಡಿನ ಮೂಲಕ. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಕೇಳಿದ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಹೊಂದಿಸಿದ ನೊಟ್ಟುಸ್ವರಗಳು ಬಹುಪಾಲು ಶಂಕರಾಭರಣದಲ್ಲಿವೆ. ಕರ್ನಾಟಕದ ಸಂಗೀತ ಶಾಲೆಗಳಲ್ಲಿ ಮಕ್ಕಳು ಇಂದಿಗೂ ಹಾಡುತ್ತಾರೆ. ಅವುಗಳಲ್ಲಿ 'ವಂದೇ ಮೀನಾಕ್ಷಿ' ಲಿಮರಿಕ್ ಎಂಬ ಐರಿಶ್ ಮಟ್ಟು, 'ಜಗದೀಶ ಗುರುಗುಹ' ಲಾರ್ಡ್ ಮ್ಯಾಕ್‌ಡೊನಾಲ್ಡ್ ಎಂಬ ಸ್ಕಾಟಿಷ್ ರೀಲ್. ಎರಡನ್ನೂ ಮೂಲದ ವೇಗದಲ್ಲಿ, ಗಮಕವಿಲ್ಲದೆ ಟಿನ್ ವಿಸಿಲ್‌ನಲ್ಲಿ ನುಡಿಸಿ ನೋಡಿ. ಯಾವ ಸೆಷನ್ನಿನಲ್ಲೂ ನಿಲ್ಲುತ್ತವೆ.

ಹಡಗು ಹೊರಡುವುದು ರಿಂಗಸ್ಕಿಡ್ಡಿ ಧಕ್ಕೆಯಿಂದ, ಕೋವ್‌ನಿಂದಲ್ಲ. ಕಾರ್ಕ್ ನಗರಕ್ಕೆ ವಾಪಸ್ ಬಂದು ಬೇರೆ ಬಸ್ಸು ಹಿಡಿಯಬೇಕು, ಎರಡು ಗಂಟೆ ಕೈಯಲ್ಲಿರಲಿ. ಬ್ರಿಟ್ಟನಿಯ ರೋಸ್ಕಾಫ್ ಬಂದರಿಗೆ ಸುಮಾರು 14 ಗಂಟೆ ಪ್ರಯಾಣ. ಚಳಿಗಾಲದಲ್ಲಿ ಈ ಹಡಗು ಇರುವುದಿಲ್ಲ, ಬೇಸಿಗೆಯಲ್ಲೂ ವಾರದ ಕೆಲವು ದಿನ ಮಾತ್ರ.

ಆರನೆಯ ದಿನ: ರೋಸ್ಕಾಫ್, ಕಾರ್ಹೇ

ರೋಸ್ಕಾಫ್‌ನಿಂದ ಮೋರ್ಲೇ ತನಕ ಬಸ್ಸು, ಅಲ್ಲಿಂದ ಒಳನಾಡಿನ ಕಾರ್ಹೇಗೆ ಇನ್ನೊಂದು ಬಸ್ಸು. ಊಟಕ್ಕೆ ಕಪ್ಪು ಗೋಧಿಯ (ಬಕ್‌ವೀಟ್) ದೋಸೆಯಂಥ ಗಲೆಟ್ ಸಿಗುತ್ತದೆ, ಚೀಸು ಮತ್ತು ಅಣಬೆ ಹಾಕಿಸಿಕೊಂಡರೆ ಸಸ್ಯಾಹಾರಿಗಳಿಗೆ ಚಿಂತೆಯಿಲ್ಲ. ಹಂದಿಮಾಂಸ ಬೇಡ ಎಂದು ಮೊದಲೇ ಹೇಳಿ.

ಇಲ್ಲಿನ ಹಳೆಯ ಜೋಡಿ ಬೊಂಬಾರ್ಡ್ ಮತ್ತು ಬಿನಿಯು ಕೋಜ್. ಬೊಂಬಾರ್ಡ್ ಒಂದು ಅಡಿ ಉದ್ದದ, ಎರಡು ನಾಲಗೆಯ ವಾದ್ಯ, ನಮ್ಮ ಮೌರಿ, ಶಹನಾಯಿಗಳ ಬಳಗದ್ದು. ಬಿನಿಯು ಒಂದೇ ಡ್ರೋನ್ ಇರುವ ಪುಟ್ಟ ಚೀಲವಾದ್ಯ, ಬೊಂಬಾರ್ಡಿಗಿಂತ ಒಂದು ಸ್ಥಾಯಿ ಮೇಲೆ ಕಿರುಚುತ್ತದೆ. ಬೊಂಬಾರ್ಡ್ ಊದುವವನ ತುಟಿ, ಉಸಿರು ಬಹಳ ಬೇಗ ದಣಿಯುತ್ತವೆ. ಆದ್ದರಿಂದ ಅವನು ಒಂದು ಸಾಲು ನುಡಿಸಿ ಬಿಡುತ್ತಾನೆ. ಬಿನಿಯು ಬಿಡದೆ ನುಡಿಸುತ್ತಾ ಆ ಸಾಲನ್ನು ಮರಳಿಸುತ್ತದೆ.

ಸ್ಕಾಟಿಷ್ ಪೈಪ್ ಬ್ಯಾಂಡ್‌ಗಳನ್ನು ನೋಡಿ, ಅದರ ದೊಡ್ಡ ಪೈಪು, ಡ್ರಮ್‌ಗಳ ಜೊತೆ ತಮ್ಮ ಬೊಂಬಾರ್ಡ್ ಸಾಲನ್ನು ಸೇರಿಸಿ ಬ್ರೆಟನ್ನರು, ಎಂದರೆ ಬ್ರಿಟ್ಟನಿಯ ಜನ, ಕಟ್ಟಿದ ಮೇಳ ಬಗಾದ್. ಪೋಲಿಗ್ ಮೊಂಜಾರೆ ಇದರ ಹಿಂದಿನ ಶಕ್ತಿ, 1943ರಲ್ಲಿ ಶುರುವಾದ ಬೊದಾದೆಗ್ ಆರ್ ಸೊನೆರಿಯೊನ್ ಎಂಬ ವಾದಕರ ಸಂಘದಲ್ಲೂ ಅವರಿದ್ದರು. 1940ರ ದಶಕದ ಕೊನೆಯಲ್ಲಿ ಕಾರ್ಹೇಯ ರೈಲ್ವೆ ಕಾರ್ಮಿಕರು ಕಟ್ಟಿದ್ದೇ ಮೊದಲ ಬಗಾದ್.

ಏಳನೆಯ ದಿನ: ಫೆಸ್ಟ್ ನೋಜ್

ಈ ಪಯಣದ ಅತ್ಯುತ್ತಮ ರಾತ್ರಿ ಇದು ಎಂದು ಹಿಂಜರಿಕೆಯಿಲ್ಲದೆ ಹೇಳಬಹುದು. ಫೆಸ್ಟ್ ನೋಜ್ ಎಂಬ ರಾತ್ರಿಕುಣಿತ ಬೇಸಿಗೆಯಲ್ಲಿ ಹಳ್ಳಿ ಹಳ್ಳಿಯಲ್ಲೂ ಇರುತ್ತದೆ. ಬೇಕರಿಯ ಬಾಗಿಲಿಗೆ ಅಂಟಿಸಿದ ಭಿತ್ತಿಪತ್ರ ನೋಡಿದರೆ ಸಾಕು. ರಾತ್ರಿ ಒಂಬತ್ತಕ್ಕೆ ಶುರು, ನಡುರಾತ್ರಿ ದಾಟಿ ಒಂದು, ಎರಡು ಗಂಟೆಯವರೆಗೆ. ಬಸ್ಸು ಆ ಹೊತ್ತಿಗೆ ಇರುವುದಿಲ್ಲ. ಬಾಡಿಗೆ ಕಾರು ತೆಗೆದುಕೊಳ್ಳಬೇಕು, ಇಲ್ಲವೇ ಕುಣಿತ ಇರುವ ಊರಲ್ಲೇ ಕೋಣೆ ಹಿಡಿಯಬೇಕು. ಹೊಲದ ಕೆಲಸ ಮುಗಿದಾಗಿನ ಈ ಕುಣಿತ ಎರಡನೆಯ ಮಹಾಯುದ್ಧದ ಹೊತ್ತಿಗೆ ನಿಂತೇಹೋಗಿತ್ತು. 1950ರ ದಶಕದಲ್ಲಿ ಲೋಯಿಜ್ ರೋಪಾರ್ಸ್ ಅದನ್ನು ಸಭಾಂಗಣಕ್ಕೆ ತಂದು ಉಳಿಸಿದರು. 2012ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ವೇದಿಕೆಯ ಮೇಲೆ ಇಬ್ಬರೇ, ಮೈಕ್ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ವಾದ್ಯವಿಲ್ಲ. ಕಾನ್ ಹ ದಿಸ್ಕಾನ್ ಎಂಬ ಗಾಯನ. ಮುಂದಾಳು ಒಂದು ಸಾಲು ಹಾಡುತ್ತಾನೆ, ಅದರ ಕೊನೆಯ ಎರಡು ಮೂರು ಅಕ್ಷರಕ್ಕೆ ಜೊತೆಗಾರ ಸೇರಿಕೊಂಡು, ಅದೇ ಸಾಲನ್ನು ಒಬ್ಬನೇ ಮರಳಿ ಹಾಡುತ್ತಾನೆ. ಅವನ ಕೊನೆಯ ಅಕ್ಷರಗಳಿಗೆ ಮುಂದಾಳು ಸೇರಿ ಹೊಸ ಸಾಲು ಎತ್ತುತ್ತಾನೆ. ಒಬ್ಬ ಹಾಡುವಾಗ ಇನ್ನೊಬ್ಬ ಉಸಿರೆಳೆದುಕೊಳ್ಳುತ್ತಾನೆ. ಸಾಲು ಸಾಲಿನ ನಡುವೆ ಕೂದಲು ತೂರುವಷ್ಟೂ ಸಂದು ಇರುವುದಿಲ್ಲ, ಇದ್ದರೆ ಕುಣಿಯುವವರ ಹೆಜ್ಜೆ ಎಡವುತ್ತದೆ. ಬೊಂಬಾರ್ಡ್, ಬಿನಿಯು ಜೋಡಿಯ ಕ್ರಮವೂ ಇದೇ ಎಂಬುದು ಇಲ್ಲಿ ಕಿವಿಗೆ ಸ್ಪಷ್ಟವಾಗುತ್ತದೆ.

ಹೊಸಬರು ಆನ್ ದ್ರೋ ಕುಣಿತದಿಂದ ಶುರುಮಾಡಲಿ. ಅಕ್ಕಪಕ್ಕದವರ ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿ, ಎಡ-ಬಲ-ಎಡ ಎಂದು ಎಡಕ್ಕೆ ಸರಿಯುವುದು, ಆಮೇಲೆ ಬಲ-ಎಡ-ಬಲ ಎಂದು ನಿಂತಲ್ಲೇ. ಕೈಗಳು ಮೊದಲರ್ಧದಲ್ಲಿ ಮೈಕಡೆಗೆ ಸುತ್ತಿ ಬರುತ್ತವೆ, ಎರಡನೆಯ ಅರ್ಧದಲ್ಲಿ ಹೊರಕ್ಕೆ. ಮೊದಲು ಕಾಲು ಕಲಿಯಿರಿ, ಕೈಯನ್ನು ಪಕ್ಕದವರು ತಾವೇ ಒಯ್ಯುತ್ತಾರೆ. ಸರಪಳಿಯ ತುದಿಯಲ್ಲಿ ಸೇರಿಕೊಳ್ಳಿ, ನಡುವೆ ಕತ್ತರಿಸಿ ನುಗ್ಗಬೇಡಿ. ಎಡತುದಿ ಮುನ್ನಡೆಸುವವರದು, ಅಲ್ಲಿ ನಿಲ್ಲಬೇಡಿ. ಬೆಟ್ಟಸೀಮೆಯ ಗವೋತ್ ಎಂಟರ ಎಣಿಕೆಯದು, ವೇಗ ಹೆಚ್ಚು. ಒಂದು ಗಂಟೆ ನೋಡಿದ ಮೇಲೆ ಪ್ರಯತ್ನಿಸಬಹುದು. ರಬ್ಬರ್ ಅಡಿಯ ಶೂ ಮರದ ನೆಲಕ್ಕೆ ಹಿಡಿದುಕೊಂಡು ಮಂಡಿ ತಿರುಚುತ್ತದೆ, ನುಣುಪಾದ ಅಡಿಯದ್ದು ಹಾಕಿ.

ಈ ಸೀಮೆಯ ಹಾಡುಗಾರ ಎರಿಕ್ ಮಾರ್ಷಾನ್, 1990ರ ದಶಕದ ಆರಂಭದಲ್ಲಿ ಊದ್ ಎಂಬ ಅರಬ್ ತಂತಿವಾದ್ಯದ ವಾದಕ ತಿಯೆರಿ ರೊಬಾನ್ ಮತ್ತು ರಾಜಸ್ಥಾನ ಮೂಲದ ತಬಲಾ ವಾದಕ ಹಮೀದ್ ಖಾನ್ ಜೊತೆ ಹಾಡಿದರು. ಬ್ರೆಟನ್ ಹಾಡಿನ ಸಮಶ್ರುತಿಗೆ ಹೊಂದದ ಸ್ವರಗಳನ್ನು ಊದ್ ಹಿಡಿಯಬಲ್ಲದು, ಗಿಟಾರಿನ ಮೆಟ್ಟಿಲು ಹಿಡಿಯಲಾರದು. ಮಿಶ್ರಸಂಗೀತದ ಹೆಸರಿನಲ್ಲಿ ಬರುವ ಹೆಚ್ಚಿನವು ಎರಡೂ ಕಡೆಯದ್ದನ್ನು ಸಪ್ಪೆ ಮಾಡುತ್ತವೆ. ಇದು ಹಾಗಾಗದಿರಲು ಕಾರಣ ಆ ಸ್ವರಗಳಿಗೆ ತಕ್ಕ ವಾದ್ಯವನ್ನು ಆರಿಸಿದ್ದು.

ಎಂಟನೆಯ ದಿನ: ಲೋರಿಯಾಂ

ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ 1666ರಲ್ಲಿ ಹಡಗು ಕಟ್ಟಲು ನೆಲೆಯೂರಿದ ಜಾಗ ಇದು, ಪೂರ್ವದೇಶದ ಹೆಸರನ್ನೇ ಹೊತ್ತಿದೆ. 1971ರಿಂದ ಇಲ್ಲಿ ನಡೆಯುವ ಹತ್ತು ದಿನದ ಉತ್ಸವಕ್ಕೆ ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್, ಕಾರ್ನ್‌ವಾಲ್, ಐಲ್ ಆಫ್ ಮ್ಯಾನ್ ಮಾತ್ರವಲ್ಲದೆ ಸ್ಪೇನಿನ ಗಲೀಸಿಯಾ, ಅಸ್ತೂರಿಯಾಗಳವರೂ ಬರುತ್ತಾರೆ. ಈ ಕೊನೆಯ ಎರಡು ಕಡೆ ಕೆಲ್ಟಿಕ್ ಭಾಷೆ ಇಂದು ಬಳಕೆಯಲ್ಲಿಲ್ಲ, ಅವರನ್ನು ಇಲ್ಲಿಗೆ ಸೇರಿಸಿದ್ದು ಗೈತಾ ಎಂಬ ಅವರ ಚೀಲವಾದ್ಯ.

ಮೊದಲ ಶನಿವಾರ ಮೂಸ್ತ್ವಾರ್ ಕ್ರೀಡಾಂಗಣದಲ್ಲಿ ಬಗಾದ್‌ಗಳ ಸ್ಪರ್ಧೆ, ಭಾನುವಾರ ಬೆಳಿಗ್ಗೆ ಮಹಾ ಮೆರವಣಿಗೆ. ಸ್ಪರ್ಧೆಯ ಟಿಕೆಟ್ ಮೊದಲೇ ತೆಗೆಯಿರಿ, ಇಯರ್‌ಪ್ಲಗ್ ಒಯ್ಯಿರಿ. ಬೊಂಬಾರ್ಡ್ ಸಾಲಿನ ಎದುರು ನಿಂತರೆ ಕಿವಿ ನೋಯುತ್ತದೆ. ತಂಡ ಮೈದಾನಕ್ಕಿಳಿಯುವ ಮುನ್ನ ಹೊರಗಿನ ಬೀದಿಯಲ್ಲಿ ಶ್ರುತಿ ಮಾಡುವುದನ್ನು ನೋಡುವುದು ಸ್ಪರ್ಧೆಯಷ್ಟೇ ಚೆನ್ನ. ಒಬ್ಬರು ಮೀಟರ್ ಹಿಡಿದು ಪ್ರತಿ ಪೈಪಿನ ಹತ್ತಿರ ಹೋಗುತ್ತಾರೆ, ಚಾಂಟರಿನ ರಂಧ್ರದ ಅಂಚಿಗೆ ಅಂಟುಪಟ್ಟಿ ಸರಿಸಿ ಸ್ವರ ಇಳಿಸುತ್ತಾರೆ. ಬಿಸಿಲಿಗೆ ಬಂದ ಕೂಡಲೇ ಎಲ್ಲವೂ ಏರುತ್ತದೆ, ಮತ್ತೆ ಮೊದಲಿನಿಂದ.

ಒಟ್ಟಿಗೆ ನುಡಿಸುವುದು ಕಷ್ಟವಾಗುವುದು ಶ್ರುತಿಯಿಂದ. ಸ್ಕಾಟಿಷ್ ಪೈಪಿನಲ್ಲಿ ಎ ಎಂದು ಬರೆಯುವ ಸ್ವರ ನಿಜವಾಗಿ 470ರಿಂದ 480 ಹರ್ಟ್ಸ್ ಆಸುಪಾಸು, ಎಂದರೆ ಪಿಯಾನೋದ ಬಿ ಫ್ಲಾಟ್‌ಗಿಂತಲೂ ಚೂರು ಮೇಲೆ. ಗೈತಾ ಹೆಚ್ಚಾಗಿ ಸಿ, ಇಲ್ಲನ್ ಪೈಪ್ ಡಿ. ಆರ್ಕೆಸ್ಟ್ರಾ ಜೊತೆ ನುಡಿಸಬೇಕಾದವರು 466 ಹರ್ಟ್ಸ್‌ನ ಬೇರೆ ಚಾಂಟರ್ ಇಟ್ಟುಕೊಂಡಿರುತ್ತಾರೆ. ಬ್ರೆಟನ್ ಹಾರ್ಪ್ ವಾದಕ ಅಲನ್ ಸ್ಟಿವೆಲ್ 1972ರಲ್ಲಿ ಪ್ಯಾರಿಸಿನ ಒಲಿಂಪಿಯಾ ಸಭಾಂಗಣದಲ್ಲಿ ತಂದೆ ಕಟ್ಟಿಕೊಟ್ಟಿದ್ದ ಹಾರ್ಪ್ ಪರಂಪರೆಯನ್ನು ಎಲೆಕ್ಟ್ರಿಕ್ ಗಿಟಾರಿನ ಪಕ್ಕದಲ್ಲಿ ನಿಲ್ಲಿಸಿದಾಗಿನಿಂದ ಈ ಹೊಂದಾಣಿಕೆಯ ಕೆಲಸ ನಡೆದೇ ಇದೆ.

ವಾದ್ಯ ಕೊಂಡು ತರುವವರಿಗೆ ಕೆಲವು ಮಾತು. ಒಳ್ಳೆಯ ಕೊಳಲು, ಪೈಪುಗಳ ಮರ ಹೆಚ್ಚಾಗಿ ಆಫ್ರಿಕನ್ ಬ್ಲ್ಯಾಕ್‌ವುಡ್. ಅದು ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದ್ದರೂ 2019ರ ಕೊನೆಯಿಂದ ಸಿದ್ಧ ಸಂಗೀತವಾದ್ಯಗಳಿಗೆ ವಿನಾಯಿತಿ ಇದೆ. ಹಳೆಯ ಪೈಪುಗಳ ಉಂಗುರ ದಂತದ್ದಾಗಿರಬಹುದು. ಪತ್ರವಿಲ್ಲದೆ ದಂತ ದಾಟಿಸುವಂತಿಲ್ಲ, ಅಂಥದ್ದನ್ನು ಮುಟ್ಟದಿರುವುದೇ ಮೇಲು. ಮರದ ಕೊಳಲನ್ನು ಕ್ಯಾಬಿನ್‌ನಲ್ಲೇ ಒಯ್ಯಿರಿ, ಜೋಡಣೆ ಬಿಚ್ಚಿ. ಹೊಸ ಕೊಳಲನ್ನು ಮೊದಲ ಎರಡು ವಾರ ದಿನಕ್ಕೆ ಕಾಲು ಗಂಟೆಗಿಂತ ಹೆಚ್ಚು ಊದಬಾರದು. ಒಳಗಿನ ಮರ ತೇವಕ್ಕೆ ಹಿಗ್ಗುತ್ತದೆ, ಹೊರಗಿನದು ಒಣಗಿಯೇ ಇರುತ್ತದೆ, ಸೀಳು ಬೀಳುವುದು ಆಗಲೇ. ಊದಿದ ಮೇಲೆ ಬಟ್ಟೆಯಿಂದ ಒಳಗೆ ಒರೆಸಿ, ಪೂರ್ತಿ ಆರಿದ ಮೇಲೆ ಆಗಾಗ ಬಾದಾಮಿ ಎಣ್ಣೆ ಸವರಿ. ಬೆಂಗಳೂರಿನಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹವೆ ತೀರ ಒಣಗುತ್ತದೆ. ಆ ತಿಂಗಳುಗಳಲ್ಲಿ ಪೆಟ್ಟಿಗೆಯೊಳಗೆ ತೇವದ ಸ್ಪಂಜಿನ ಡಬ್ಬಿ ಇಟ್ಟು, ತೇವಾಂಶ ಶೇಕಡ 50ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಬೇಕು.